ಹಸಿದ ಹೊಟ್ಟೆಯ ರಬ್ಬರ್ ಸ್ಟಾಂಪು

ನನ್ನ ಅಕ್ಕನ ಮೊಮ್ಮಗಳು ಈ ವರ್ಷ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಮನೆಗೆ ಬಂದವಳು, "ತಾತ, ನಿಮ್ ಕಾಲದಲ್ಲಿ ಥೈರಾಯಿಡ್ ಹೆಂಗೆ ನೋಡ್ತಿದ್ರಿ?" ಎಂದು ಕೇಳಿದಳು.

"ಕಾಲು ನೋಡ್ತಿದ್ವಿ ಕಣೇ," ಎಂದೆ.

ತಾತನಿಗೆ ಅರಳುಮರಳು ಶುರುವಾಯಿತು ಎಂದುಕೊಂಡಳೋ ಏನೋ, ನಕ್ಕು ಒಳಗೆ ಹೋಗಿ ಅವರಜ್ಜಿಯ ಹತ್ತಿರ ಏನೋ ಪಿಸುಗುಟ್ಟಿದಳು. ಆ ಪಿಸುಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಂತೆ ಈಗಷ್ಟೇ ಈ ಕೆಲಸಕ್ಕೆ ಕಾಲಿಡುತ್ತಿರುವ ಬೇರೆ ಮಕ್ಕಳೂ ಓದಿಕೊಳ್ಳಲಿ. ಬಡ್ತಿಯ ಕಥೆ ಇದರಲ್ಲಿ ಸಿಗುವುದಿಲ್ಲ. ಕಾಂಪೌಂಡರ್ ಆಗಿ ಸೇರಿದೆ, ಕಾಂಪೌಂಡರ್ ಆಗಿಯೇ ನಿವೃತ್ತನಾದೆ. ನಡುವೆ ಏರಿದ್ದು ನನ್ನ ಕನ್ನಡಕದ ನಂಬರು ಮಾತ್ರ.

ನಾನು ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯವನು. ಎಪ್ಪತ್ತರ ದಶಕದ ನಡುವಿನಲ್ಲಿ ಕೋಲಾರದಲ್ಲಿ ಡಾಕ್ಟರ್ ಶಕುಂತಲಾ ಅವರ ಕ್ಲಿನಿಕ್ ಸೇರಿದೆ. ಉಡುಪಿ ಕಡೆಯ ಹೆಂಗಸು. ಗಂಟಲಿನ ಥೈರಾಯಿಡ್ ಗ್ರಂಥಿಯ ಕಾಯಿಲೆಗಳೆಂದರೆ ಅವರಿಗೆ ಬಹಳ ಆಸಕ್ತಿ. ಮಂಗಳವಾರ ಮುಳಬಾಗಿಲು, ಗುರುವಾರ ಶ್ರೀನಿವಾಸಪುರ, ಶನಿವಾರ ಮಾಲೂರು, ಮಿಕ್ಕ ದಿನ ಕೋಲಾರ ಎಂದು ವಾರವನ್ನು ಹಂಚಿಕೊಂಡಿದ್ದರು. ಅವರ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಸೂಕ್ಷ್ಮದರ್ಶಕ, ಗಾಜಿನ ಕೊಳವೆಗಳ ಪೆಟ್ಟಿಗೆ, ತೂಕದ ಯಂತ್ರ, ಇವುಗಳ ನಡುವೆ ನಾನು. ಔಷಧಿ ಕಟ್ಟುವವನೂ ನಾನೇ, ರಕ್ತ ಪರೀಕ್ಷಿಸುವವನೂ ನಾನೇ. ಕಾರು ನಿಂತರೆ ತಳ್ಳುವವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕಾಲು ನೋಡುತ್ತಿದ್ದೆವು ಎಂದೆನಲ್ಲ, ಅದು ಸುಳ್ಳಲ್ಲ. ಥೈರಾಯಿಡ್ ಗ್ರಂಥಿ ಮಂಕಾದರೆ ಇಡೀ ಮೈ ನಿಧಾನವಾಗುತ್ತದೆ. ಮುಖ ಊದುತ್ತದೆ, ಕೂದಲು ಉದುರುತ್ತದೆ, ಬೇಸಿಗೆಯಲ್ಲೂ ಚಳಿ, ದನಿ ದಪ್ಪ, ಹಸಿವು ಕಡಿಮೆ. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಪಾದಗಳು ಹೊರಗೆ ಜೋತುಬೀಳುವಂತೆ ಮಾಡಿ, ಹಿಮ್ಮಡಿಯ ಮೇಲ್ಗಡೆ ಡಾಕ್ಟರಮ್ಮ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಆರೋಗ್ಯವಂತರ ಪಾದ ಜಿಗಿದು ತಕ್ಷಣ ತನ್ನ ಜಾಗಕ್ಕೆ ಬರುತ್ತದೆ. ಗ್ರಂಥಿ ಮಂಕಾದವರ ಪಾದ ಜಿಗಿಯುವುದೇನೋ ಜಿಗಿಯುತ್ತದೆ, ವಾಪಸು ಬರುವಾಗ ಮಾತ್ರ ಸಂಜೆ ಮನೆಗೆ ಹೊರಟ ಎಮ್ಮೆಯ ಹಾಗೆ ಬರುತ್ತದೆ. ಕೊಟ್ಟ ಥೈರಾಯಿಡ್ ಮಾತ್ರೆ ಹತ್ತಿದೆಯೋ ಇಲ್ಲವೋ ಎಂಬುದಕ್ಕೆ ಈ ಪಾದ, ನಾಡಿ, ತೂಕ, ಇವೇ ನಮ್ಮ ಸಾಕ್ಷಿಗಳು.

ಶ್ರೀನಿವಾಸಪುರದ ಬಾಡಿಗೆ ಕೋಣೆಯಲ್ಲಿ ಆ ಕುರ್ಚಿಯ ಎದುರು ಗೋಡೆಗೆ ವೆಂಕಟರಮಣಸ್ವಾಮಿಯ ಕ್ಯಾಲೆಂಡರ್ ತೂಗುಹಾಕಿತ್ತು. ಮಂಡಿಯೂರಿಸಿದ ಕೂಡಲೇ ಅರ್ಧ ಜನ ಕೈ ಮುಗಿದು ಕಣ್ಣು ಮುಚ್ಚಿಬಿಡುತ್ತಿದ್ದರು. ಒಬ್ಬ ಮುದುಕಿಯಂತೂ ಹಿಂದಿನಿಂದ ಸುತ್ತಿಗೆಯ ಪೆಟ್ಟು ಬಿದ್ದೊಡನೆ "ಗೋವಿಂದಾ!" ಎಂದು ಕೂಗಿ, ಸ್ವಾಮಿಯೇ ಮೈಮೇಲೆ ಬಂದನೆಂದು ನಂಬಿ, ಹೊರಗೆ ಕೂತಿದ್ದವರಿಗೆಲ್ಲ ಹೇಳಿಕೊಂಡು ಬಂದಳು. ಮುಂದಿನ ಗುರುವಾರ ಕಾಯಿಲೆ ಇಲ್ಲದವರೂ ಸುತ್ತಿಗೆಯ ಪೆಟ್ಟಿಗೆ ಸಾಲು ನಿಂತಿದ್ದರು. ಡಾಕ್ಟರಮ್ಮ ಆವತ್ತು ಕ್ಯಾಲೆಂಡರನ್ನು ಬೇರೆ ಗೋಡೆಗೆ ಹಾಕಿಸಿದರು.

ರಕ್ತದಲ್ಲಿ ಹಿಮೋಗ್ಲೋಬಿನ್, ಅಂದರೆ ಕೆಂಪಂಶ, ಎಷ್ಟಿದೆ ಎಂದು ಅಂದಾಜು ಮಾಡುವುದು ನನ್ನ ಕೆಲಸ. ಕೊಳವೆಯಲ್ಲಿ ಆಮ್ಲ ಹಾಕಿ, ಬೆರಳಿನ ರಕ್ತ ಬಿಟ್ಟು, ಹನಿಹನಿಯಾಗಿ ನೀರು ಬೆರೆಸುತ್ತಾ ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದಿಸಬೇಕು. ಬೆಳಕು ಸರಿಯಾಗಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮುಳಬಾಗಿಲಿನಲ್ಲಿ ನಮ್ಮ ಕಿಟಕಿಯ ಮುಂದೆ ನಂಗಲಿ ಕಡೆಯ ಲಾರಿಗಳು ಬಂದು ನಿಲ್ಲುತ್ತಿದ್ದವು. ಲಾರಿ ಬಂತೆಂದರೆ ಅದರ ನೆರಳಿಗೆ ಊರಿನವರಿಗೆಲ್ಲ ರಕ್ತ ಜಾಸ್ತಿ. "ಲೇ ಡ್ರೈವರಪ್ಪ, ಸ್ವಲ್ಪ ಮುಂದಕ್ಕೆ ತಗೊಳಯ್ಯಾ, ಇಲ್ಲಿ ರಕ್ತ ನೋಡ್ತಿದೀನಿ!" ಎಂದು ಕಿಟಕಿಯಿಂದ ಕೂಗಿ ಕೂಗಿಯೇ ನನ್ನ ಗಂಟಲು ಗಟ್ಟಿಯಾಯಿತು.

ನೋಡಿ ಕಲಿತದ್ದು ಇನ್ನೊಂದಿದೆ. ನಮ್ಮ ಕಡೆಯವರು ಬೆಳಿಗ್ಗೆ ಎದ್ದು ರಾಗಿ ಅಂಬಲಿ ಕುಡಿಯುತ್ತಾರೆ. ಮಾತ್ರೆಯನ್ನು ಅದರ ಜೊತೆಗೇ ನುಂಗುತ್ತಿದ್ದರು. ರಕ್ತ ಕಡಿಮೆ ಇದ್ದವರು ಕಬ್ಬಿಣದ ಮಾತ್ರೆಯನ್ನೂ ಅದೇ ಗುಟುಕಿನಲ್ಲಿ ಮುಗಿಸುತ್ತಿದ್ದರು. ಅಂಥವರಿಗೆ ಥೈರಾಯಿಡ್ ಮಾತ್ರೆ ಏರಿಸಿದಷ್ಟೂ ಸಾಲದು. ಡಾಕ್ಟರಮ್ಮ ಹಳೆಯ ನೋಂದಣಿ ಪುಸ್ತಕಗಳನ್ನೆಲ್ಲ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಕೂತು ಇದನ್ನು ಪತ್ತೆಹಚ್ಚಿದರು. "ಕಬ್ಬಿಣ, ಸುಣ್ಣ, ರಾಗಿ, ಹಾಲು, ಇವೆಲ್ಲ ಒಳ್ಳೆಯವೇ ಕೃಷ್ಣಪ್ಪ. ಆದರೆ ಈ ಮಾತ್ರೆಯ ಒಟ್ಟಿಗೆ ಬೇಡ ಮಾರಾಯ್ರೆ. ಇದು ಒಬ್ಬನೇ ಬಂದು ಒಬ್ಬನೇ ಹೋಗುವ ನೆಂಟ," ಎಂದರು. ಅಂದಿನಿಂದ ಥೈರಾಯಿಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ, ಕಬ್ಬಿಣದ್ದು ಸಂಜೆ ಊಟದ ಮೇಲೆ ಎಂದಾಯಿತು. ಈ ಖಾಲಿ ಹೊಟ್ಟೆಯೇ ಮುಂದೆ ನನ್ನ ಮಾನ ಕಳೆದದ್ದು.

ಅಷ್ಟು ಹೊತ್ತಿಗೆ ರಕ್ತದಲ್ಲಿ ಥೈರಾಯಿಡ್ ಅಂಶವನ್ನೇ ಅಳೆಯುವ ಪರೀಕ್ಷೆ ಬೆಂಗಳೂರಿನಲ್ಲಿ ಬಂದಿತ್ತು. ರಕ್ತದ ತಿಳಿಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಕಳಿಸಬೇಕು. ಒಂದು ಶನಿವಾರ ಮಾಲೂರಿನಿಂದ ರೈಲಿನಲ್ಲಿ ನಾನೇ ಹೊರಟೆ. ಎದುರು ಸೀಟಿನಲ್ಲಿ ಒಬ್ಬರು ಬಾಣಂತಿ ಮಗಳನ್ನು ನೋಡಲು ಹೊರಟಿದ್ದ ಹೆಂಗಸು. ಅವರದೂ ಕೆಂಪು ಫ್ಲಾಸ್ಕು, ನನ್ನದೂ ಕೆಂಪು ಫ್ಲಾಸ್ಕು. ಹರಟೆ ಹೆಚ್ಚಾಯಿತು. ಬೆಂಗಳೂರಿನ ಲ್ಯಾಬಿನಲ್ಲಿ ಮುಚ್ಚಳ ತೆಗೆದರೆ ಘಮಘಮ ಬಾದಾಮಿ ಹಾಲು! ಪುಣ್ಯಕ್ಕೆ ಆ ತಾಯಿ ಲೋಟಕ್ಕೆ ಬಗ್ಗಿಸುವ ಮೊದಲು ಒಳಗೆ ಇಣುಕಿ ನೋಡಿದ್ದರು. ಕೊಳವೆಗಳ ಮೇಲಿನ ವಿಳಾಸದ ಚೀಟಿ ನೋಡಿ, ಮರುದಿನ ಅಳಿಯನ ಕೈಲಿ ಕೋಲಾರಕ್ಕೆ ಕಳಿಸಿಕೊಟ್ಟರು. ಆದರೆ ಅಷ್ಟರಲ್ಲಿ ಐಸ್ ಕರಗಿ ಎಲ್ಲ ಕೆಟ್ಟಿತ್ತು. ಡಾಕ್ಟರಮ್ಮ ಬೈಯಲಿಲ್ಲ. ಒಂದು ವಾರ ಪೂರ್ತಿ, ರೋಗಿಗಳ ಎದುರಿಗೇ, "ಬಾದಾಮಿ ಹಾಲಿನ ಥೈರಾಯಿಡ್ ಎಷ್ಟು ಬಂತು ಕೃಷ್ಣಪ್ಪ?" ಎಂದು ಕೇಳುತ್ತಿದ್ದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ನಾನು ಬಿಳಿ ಬಣ್ಣ ತಂದು ಫ್ಲಾಸ್ಕಿನ ಮೇಲೆ 'ಇದು ಕುಡಿಯುವುದಲ್ಲ' ಎಂದು ಬರೆದೆ. ಬರೆದುಬಿಟ್ಟರೆ ತಪ್ಪಾಗುವುದಿಲ್ಲ ಎಂಬ ನಂಬಿಕೆ ಅಂದಿನಿಂದ ನನಗೆ ಅಂಟಿಕೊಂಡಿತು.

ಆ ನಂಬಿಕೆಯನ್ನು ಗಟ್ಟಿ ಮಾಡಿದ್ದು ಮುಳಬಾಗಿಲಿನ ಒಬ್ಬಾಕೆ. ಅವಳಿಗೆ ದಿನಕ್ಕೆ ಅರ್ಧ ಮಾತ್ರೆ ಎಂದು ಹೇಳಿದ್ದೆವು. ಬ್ಲೇಡಿನಿಂದ ಕತ್ತರಿಸುವುದನ್ನು ನಾನೇ ತೋರಿಸಿಕೊಟ್ಟಿದ್ದೆ. ಎರಡು ತಿಂಗಳ ಮೇಲೆ ಬಂದಾಗ ಅವಳು ಚೆನ್ನಾಗಿದ್ದಳು, ಪಕ್ಕದಲ್ಲಿದ್ದ ಗಂಡ ಕಡ್ಡಿಯಾಗಿದ್ದ. ಕೂತಲ್ಲಿ ಕೂರುತ್ತಿಲ್ಲ, ಕೈ ನಡುಗುತ್ತಿದೆ. ಕೇಳಿದರೆ ಆತ, "ಇನ್ನರ್ಧ ದಂಡ ಆಗ್ಬಾರ್ದು ಅಂತ ನಾನು ತಗೊಂಡೆ ಸಾರ್," ಎಂದ. ಹೆಂಡತಿ ತಕ್ಷಣ, "ನಿಲ್ಲಿಸ್ಬೇಡಿ ಸಾರ್. ನೀರು ಸೇದ್ತಾನೆ, ಪಾತ್ರೆ ತೊಳೀತಾನೆ, ಬೆಳಿಗ್ಗೆ ನನ್ಗಿಂತ ಮೊದ್ಲೇ ಎದ್ದು ಹಟ್ಟಿ ಗುಡಿಸ್ತಾನೆ. ಮದ್ವೆ ಆದಾಗ್ಲಿಂದ ಇಂಥ ಸುಖ ನಾನು ಕಂಡಿಲ್ಲ," ಎಂದಳು. ನಿಲ್ಲಿಸಿದೆವು. ಆಕೆ ನನ್ನನ್ನು ಕ್ಷಮಿಸಿದಂತೆ ಕಾಣಲಿಲ್ಲ.

ಇನ್ನು ಬಾಯಿಮಾತು ಸಾಕು, ಎಲ್ಲವೂ ಕವರಿನ ಮೇಲೆ ಇರಲಿ ಎಂದು ಕೋಲಾರದಲ್ಲಿ ಒಂದು ರಬ್ಬರ್ ಸ್ಟಾಂಪು ಮಾಡಿಸಿದೆ. ಡಾಕ್ಟರಮ್ಮ 'ಖಾಲಿ ಹೊಟ್ಟೆ' ಎನ್ನುತ್ತಿದ್ದರು. ಖಾಲಿ ಎಂದರೆ ಖಾಲಿ ಡಬ್ಬಿ, ಖಾಲಿ ಸೈಟು ಎಂದ ಹಾಗಿದೆ, ಗೌರವವಾಗಿಲ್ಲ ಎಂದು ನನಗೆ ತೋರಿತು. ಸ್ಟಾಂಪಿನಲ್ಲಿ ದುಂಡಗೆ ಹೀಗೆ ಹಾಕಿಸಿದೆ: 'ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ.' ನೇರಳೆ ಶಾಯಿಯಲ್ಲಿ ಅದು ಮೂಡುವುದನ್ನು ನೋಡುವುದೇ ಒಂದು ಸಂತೋಷ. ಕವರಿಗೆ ಒಂದು ಸಾಕಾಗಿದ್ದರೂ ಎರಡು ಸಲ ಒತ್ತುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ, ಶ್ರೀನಿವಾಸಪುರದ ಕೋಣೆಗೆ ಆಂಧ್ರದ ಗಡಿ ಕಡೆಯ ರಾಯಲ್ಪಾಡಿನಿಂದ ಚೌಡಮ್ಮ ಬಂದಳು. ಮೂವತ್ತರ ಒಳಗಿನ ವಯಸ್ಸು. ಜೊತೆಗೆ ಗಂಡ ಮುನಿವೆಂಕಟಪ್ಪ. ಹೊರಗೆ ಅವಳ ಮಾತು ಕೇಳಿ ನಾನು ಯಾರೋ ಗಂಡಸು ಬಂದಿದ್ದಾನೆಂದು ಪುಸ್ತಕದಲ್ಲಿ 'ಚೌಡಪ್ಪ' ಎಂದು ಬರೆದುಬಿಟ್ಟೆ. ತಲೆಯೆತ್ತಿ ನೋಡಿ ನಾಲಿಗೆ ಕಚ್ಚಿಕೊಂಡೆ.

"ಇರ್ಲಿ ಬಿಡಿ ಸಾರ್, ಊರಲ್ಲೂ ಅಂಗೇ ಕರೀತಾರೆ," ಎಂದು ಅವಳು ನಕ್ಕಳು. ನಗು ಮುಗಿದ ಮೇಲೆ ಡಾಕ್ಟರಮ್ಮನ ಮುಂದೆ ಕೂತು ವಿಷಯ ಹೇಳಿದಳು. ಸುತ್ತಲ ಊರುಗಳಲ್ಲಿ ಮದುವೆಯೆಂದರೆ ಹಾಡುವವಳು ಅವಳೇ. ಹಸೆಮಣೆಯ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಕನ್ನಡದಲ್ಲೂ ಸರಿ, ತೆಲುಗಿನಲ್ಲೂ ಸರಿ. ಒಂದೂವರೆ ವರ್ಷದಿಂದ ದನಿ ಇಳಿಯುತ್ತಾ ಬಂದು ಈಗ ಪೂರ್ತಿ ಕೆಟ್ಟಿದೆ. ಯಾರೂ ಕರೆಯುವುದಿಲ್ಲ. ಬರುವ ಶ್ರಾವಣದಲ್ಲಿ ಅವಳ ತಂಗಿಯ ಮದುವೆ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಇವಳೇ.

"ಮುಖ ಊದ್ಕಂಡಿರ್ಲಿ, ಕೂದ್ಲು ಹೋಗ್ಲಿ, ನಂಗೇನೂ ಬೇಜಾರಿಲ್ಲ ಅಮ್ಮಾ. ಗಂಟ್ಲು ಒಂದು ಕೊಡ್ಸಿ. ಅವ್ಳ ಮದ್ವೇಲಿ ಬೇರೆಯವ್ರು ಹಾಡಿದ್ರೆ ನಾನು ಚಪ್ಪರದಾಗೆ ನಿಂತ್ಕಳಾಕಾಗಲ್ಲ," ಎಂದಳು. ಕಣ್ಣು ತುಂಬಿತ್ತು.

ಕುರ್ಚಿಯ ಮೇಲೆ ಮಂಡಿಯೂರಿಸಿ ತಟ್ಟಿದರು. ಪಾದ ಹೋಯಿತು, ಯೋಚನೆ ಮಾಡಿತು, ನಿಧಾನವಾಗಿ ಬಂತು. ಬೆಂಗಳೂರಿನ ಪರೀಕ್ಷೆಯೂ ಅದನ್ನೇ ಹೇಳಿತು. ನನ್ನ ಕೊಳವೆಯಲ್ಲಿ ರಕ್ತವೂ ತೆಳುವಾಗಿತ್ತು. ಥೈರಾಯಿಡ್ ಮಾತ್ರೆ ದಿನಕ್ಕೆ ಅರ್ಧದಿಂದ ಶುರು, ಕಬ್ಬಿಣದ್ದು ಸಂಜೆಗೆ. ಕವರಿನ ಮೇಲೆ ನನ್ನ ಸ್ಟಾಂಪು ಎರಡು ಸಲ. ಅವಳಿಗೆ ಓದು ಬಾರದು. ನಾಲ್ಕನೇ ಕ್ಲಾಸು ಓದಿದ್ದ ಮುನಿವೆಂಕಟಪ್ಪ ಅಕ್ಷರ ಅಕ್ಷರವಾಗಿ ಓದಿ, "ನಾನು ನೋಡ್ಕಂತೀನಿ ಸಾರ್," ಎಂದು ಕವರನ್ನು ಕಣ್ಣಿಗೊತ್ತಿಕೊಂಡ.

ಆರು ವಾರ ಕಳೆದು ಬಂದರು. ಏನೂ ಬದಲಾವಣೆಯಿಲ್ಲ. "ಮಾತ್ರೆ ತಪ್ಪದೆ ತಗೊಳ್ತಿದ್ದೀರಾ?" ಎಂದರು ಡಾಕ್ಟರಮ್ಮ. "ನೀವು ಬರ್ದಂಗೇ ತಗೊಂತೀನಮ್ಮ, ಒಂದಿನಾನೂ ಮೀರಿಲ್ಲ," ಎಂದಳು ಚೌಡಮ್ಮ. ಗಂಡ ಹೌದೆಂದು ತಲೆಯಾಡಿಸಿದ. ಮಾತ್ರೆಯನ್ನು ಒಂದಕ್ಕೆ ಏರಿಸಿದರು. ಯುಗಾದಿ ಕಳೆದು ಬಂದಾಗ ಪಾದ ಸ್ವಲ್ಪ ಚುರುಕಾಗಿತ್ತು, ದನಿ ಮಾತ್ರ ಚೌಡಪ್ಪನದೇ. ಒಂದೂವರೆ ಆಯಿತು. ಮೇ ಕೊನೆಗೆ ಎರಡು. ಡಾಕ್ಟರಮ್ಮ ಕಾರಿನಲ್ಲಿ ತಲೆ ಕೆಡಿಸಿಕೊಂಡು ಕೂರುತ್ತಿದ್ದರು. "ಈ ಗಾತ್ರದ ಹೆಂಗಸಿಗೆ ಇಷ್ಟು ಬೇಕಾಗುವುದಿಲ್ಲ ಕೃಷ್ಣಪ್ಪ. ಎಲ್ಲಿಗೆ ಹೋಗುತ್ತಿದೆ ಇದು?" ಎನ್ನುತ್ತಿದ್ದರು. "ಅಂಬಲಿ ಜೊತೆ ಕುಡೀತಾಳೇನೋ ಅಮ್ಮ," ಎಂದು ನಾನು ತಪ್ಪನ್ನೆಲ್ಲ ರಾಗಿಯ ಮೇಲೆ ಹೊರಿಸುತ್ತಿದ್ದೆ.

ಜೂನ್ ಕೊನೆಯ ಗುರುವಾರ. ಶ್ರೀನಿವಾಸಪುರ ಪೂರ್ತಿ ಮಾವಿನಹಣ್ಣಿನ ವಾಸನೆ. ಮುನಿವೆಂಕಟಪ್ಪ ಹೆಂಡತಿಯನ್ನು ಹಣ್ಣಿನ ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆರಳು ನಡುಗುತ್ತಿದ್ದವು, ಮೈ ಬೆವೆತಿತ್ತು. ನಾಡಿ ಎಣಿಸಿದ ಡಾಕ್ಟರಮ್ಮನ ಮುಖ ಗಂಭೀರವಾಯಿತು. "ಮನೆಯಲ್ಲಿರುವ ಔಷಧಿ ಎಲ್ಲ ತಂದಿದ್ದೀರಾ?" ಎಂದರು. ಮುನಿವೆಂಕಟಪ್ಪ ಅಂಗಿಯ ಜೇಬಿನಿಂದ ಒಂದು ಕುಂಕುಮದ ಡಬ್ಬಿ ತೆಗೆದು ಮೇಜಿನ ಮೇಲೆ ಬಗ್ಗಿಸಿದ. ಬಿಳಿ ಮಾತ್ರೆಗಳು ರಾಶಿಯಾಗಿ ಬಿದ್ದವು. ಜನವರಿಯಿಂದ ನಾವು ಕೊಟ್ಟಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲೇ ಇದ್ದವು!

"ಇದೆಂತದು? ತಗೊಳ್ತಿದ್ದೇನೆ ಅಂದ್ರಲ್ಲ?"

"ನೀವು ಬರ್ದಂಗೇ ತಗೊಂಡಿದ್ದು ಅಮ್ಮಾ," ಎಂದ ಮುನಿವೆಂಕಟಪ್ಪ. "ದಿನಾ ಬೆಳಿಗ್ಗೆ ಕವರ್ ಓದಿ ಕೇಳ್ತಿದ್ದೆ, 'ಏಮೇ, ಹಸಿವಾಯ್ತಾ?' ಅಂತ. 'ಆಕಲಿ ಲೇದು' ಅಂತಿದ್ಲು. ಹಸಿದ ಹೊಟ್ಟೇಲೇ ತಗೋಬೇಕಲ್ಲಾ, ಹಸಿವಿಲ್ದೆ ಕೊಟ್ರೆ ಏನಾದ್ರೂ ಆದೀತು ಅಂತ ಡಬ್ಬೀಲಿ ಮಡಗ್ತಿದ್ದೆ. ವಾರಕ್ಕೊಂದೋ ಎರಡೋ ದಿನ ಹಸಿವು ಅಂತಿದ್ಲು. ಆವತ್ತು ಕೊಡ್ತಿದ್ದೆ."

"ಈಗ?"

"ಈಗ ಒಂದು ತಿಂಗ್ಳಿಂದ ಮಾವಿನ ತೋಟಕ್ಕೆ ಕಾಯಿ ಕೀಳಕ್ಕೆ ಹೋಗ್ತಾಳೆ ಅಮ್ಮಾ. ದಿನಾ ಹಸಿವು. ದಿನಾ ಎರಡೆರಡು ಕೊಟ್ಟೆ."

ನನಗೆ ಕವರಿನ ಮೇಲಿನ ನೇರಳೆ ಅಕ್ಷರ ನೋಡುವುದಕ್ಕೂ ಆಗಲಿಲ್ಲ. ಗ್ರಂಥಿ ಮಂಕಾದವರಿಗೆ ಹಸಿವೇ ಇರುವುದಿಲ್ಲ ಎಂದು ನೂರು ಸಲ ಕೇಳಿದ್ದ ನಾನು, ಹಸಿವಾದರೆ ಮಾತ್ರ ಮಾತ್ರೆ ಎಂದು ಮುದ್ರೆ ಒತ್ತಿ ಕೊಟ್ಟಿದ್ದೆ. ಆಗೊಂದು ಈಗೊಂದು ಹೊಟ್ಟೆಗೆ ಹೋದ ಮಾತ್ರೆ ನಿಧಾನವಾಗಿ ಹಸಿವು ಹುಟ್ಟಿಸಿದೆ. ತೋಟದ ಕೆಲಸ ಅದನ್ನು ಹೆಚ್ಚಿಸಿದೆ. ಆ ಹಸಿವು ಬೇಕಾದ್ದಕ್ಕಿಂತ ದುಪ್ಪಟ್ಟು ಮಾತ್ರೆಯನ್ನು ದಿನಾ ನುಂಗಿಸಿದೆ. ಅವಳ ಎದೆಗೆ ಏನಾದರೂ ಆಗಿದ್ದರೆ?

"ತಪ್ಪು ನಂದು ತಾಯಿ. ಖಾಲಿ ಹೊಟ್ಟೆ ಅಂತ ಇರ್ಬೇಕಿತ್ತು. ಹಸಿವಿರ್ಲಿ ಬಿಡ್ಲಿ, ಏನೂ ತಿನ್ನೋ ಮುಂಚೆ ಅಂತ," ಎಂದೆ.

ಚೌಡಮ್ಮ ಎದೆ ಹಿಡಿದುಕೊಂಡೇ ನನ್ನನ್ನು ನೋಡಿದಳು. "ಪರಗಡುಪುನ ಅನ್ನಿ! ಅಷ್ಟು ಹೇಳಿದ್ರೆ ಮೊದಲ್ನೇ ದಿನಾನೇ ಮುಗೀತಿತ್ತಲ್ಲ ಸಾರ್," ಎಂದಳು. ಖಾಲಿ ಹೊಟ್ಟೆಗೆ ಗಡಿ ಕಡೆಯ ಮಗುವಿಗೂ ಗೊತ್ತಿರುವ ಆ ಒಂದು ತೆಲುಗು ಮಾತು, ಮಾಸ್ತಿ ಕಡೆಯ ಈ ಪಂಡಿತನಿಗೆ ಹೊಳೆದಿರಲಿಲ್ಲ.

ಆಗ ನಾವು ಮೂವರೂ ಒಟ್ಟಿಗೆ ಗಮನಿಸಿದೆವು. ಪುಸ್ತಕದಲ್ಲಿ ಚೌಡಪ್ಪನಾಗಿದ್ದವಳು ಈಗ ಮಾತಾಡಿದ್ದು ಹೆಣ್ಣು ದನಿಯಲ್ಲಿ. ಸ್ವಲ್ಪ ಒಡಕಿತ್ತು, ಆದರೂ ಹೆಣ್ಣು ದನಿ.

ಡಾಕ್ಟರಮ್ಮ ಮಾತ್ರೆಯನ್ನು ಎಂಟು ದಿನ ಪೂರ್ತಿ ನಿಲ್ಲಿಸಿದರು. ಆಮೇಲೆ ದಿನಕ್ಕೆ ಒಂದೇ, ಪರಗಡುಪಿನಲ್ಲಿ. "ನಿಲ್ಸಿದ್ರೆ ಗಂಟ್ಲು ಮತ್ತೆ ಹೋಗಲ್ವಾ ಅಮ್ಮಾ? ಶ್ರಾವಣ ಬಂತಲ್ಲಾ?" ಎಂದು ಚೌಡಮ್ಮ ಮೊದಲ ಸಲ ಹೆದರಿದ್ದು ಆಗ. ಎದೆ ಹೊಡೆದುಕೊಂಡದ್ದಕ್ಕೆ ಅವಳು ಅಷ್ಟು ಹೆದರಿರಲಿಲ್ಲ. "ಹೋಗುವುದಿಲ್ಲ. ಹಾಡ್ತೀರಿ," ಎಂದರು ಡಾಕ್ಟರಮ್ಮ. ಕಾರಿನಲ್ಲಿ ನನ್ನ ಹತ್ತಿರ ಮಾತ್ರ, "ಹಾಡಿದರೆ ಸಾಕು ದೇವರೇ," ಎಂದರು.

ನಾನು ಆ ಸಂಜೆಯೇ ಹಳೆಯ ಸ್ಟಾಂಪಿನ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ಎಸೆದೆ. ಹೊಸದು ಮಾಡಿಸಲು ಹೋದಾಗ, ಏನು ಹಾಕಬೇಕೆಂದು ನಾನು ನಿರ್ಧರಿಸಲಿಲ್ಲ. ನಾಲ್ಕೂ ಊರಿನಲ್ಲಿ ಎದುರು ಕೂತ ಪ್ರತಿ ರೋಗಿಯನ್ನೂ, "ಬೆಳಿಗ್ಗೆ ಎದ್ದು ಏನೂ ತಿನ್ನೋ ಮುಂಚೆ ಇರೋ ಹೊಟ್ಟೆಗೆ ನಿಮ್ಮನೇಲಿ ಏನಂತಾರೆ?" ಎಂದು ಕೇಳಿದೆ. ಬರಿಹೊಟ್ಟೆ ಅಂದರು, ಪರಗಡುಪು ಅಂದರು, ಮುಳಬಾಗಿಲಿನ ಸಾಬರೊಬ್ಬರು ಖಾಲಿ ಪೇಟ್ ಅಂದರು. ಮೂರನ್ನೂ ಕನ್ನಡ ಅಕ್ಷರದಲ್ಲೇ ಹಾಕಿಸಿದೆ. ಮೇಲಾಗಿ ಕವರು ಕೊಟ್ಟ ಮೇಲೆ, "ಈಗ ನೀವು ಹೇಳಿ, ನಾಳೆ ಬೆಳಿಗ್ಗೆ ಏನು ಮಾಡ್ತೀರಿ?" ಎಂದು ರೋಗಿಯ ಬಾಯಿಂದಲೇ ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಮಗೂ, ನಿನ್ನ ಯಂತ್ರ ನನ್ನ ಕೊಳವೆಗಿಂತ ಸಾವಿರ ಪಾಲು ವಾಸಿ. ಆದರೆ ಈ ಪ್ರಶ್ನೆಯನ್ನು ಅದು ಕೇಳುವುದಿಲ್ಲ, ನೀನೇ ಕೇಳಬೇಕು.

ಶ್ರಾವಣದ ಮದುವೆಗೆ ಐದು ದಿನ ಮುಂಚೆ ಬೆಂಗಳೂರಿನಿಂದ ರಕ್ತದ ವರದಿ ಬಂತು. ಎಲ್ಲ ಸರಿಯಾಗಿತ್ತು. ನನ್ನ ಕೊಳವೆಯಲ್ಲೂ ರಕ್ತ ಕೆಂಪಗೆ ನಿಂತಿತು, ಲಾರಿಯ ನೆರಳಿಲ್ಲದೆ. ಆಮಂತ್ರಣ ಪತ್ರಿಕೆ ಕೊಡಲು ಬಂದಿದ್ದ ಮುನಿವೆಂಕಟಪ್ಪನಿಗೆ ಡಾಕ್ಟರಮ್ಮ ವರದಿ ಓದಿ ಹೇಳಿದರು. ಅವನು ಅದನ್ನೂ ಕಣ್ಣಿಗೊತ್ತಿಕೊಂಡ.

ಮದುವೆಗೆ ನಾವಿಬ್ಬರೂ ಹೋದೆವು. ರಾಯಲ್ಪಾಡಿನ ಚಪ್ಪರದಲ್ಲಿ ಮುಂದಿನ ಚಾಪೆಯಲ್ಲೇ ಕೂರಿಸಿದರು. ಮದುಮಗಳನ್ನು ಹಸೆಗೆ ಕರೆದಾಗ ಚೌಡಮ್ಮ ಎದ್ದು ನಿಂತಳು. ಒಂದು ಕ್ಷಣ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಡಾಕ್ಟರಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ದನಿ ಹೊರಟಿತು. ಎಳೆಯಾಗಿ, ನೇರವಾಗಿ, ಚಪ್ಪರ ದಾಟಿ ಬೀದಿಗೆ ಹೋಯಿತು. ಮದುಮಗಳು ತಲೆ ತಗ್ಗಿಸಿಕೊಂಡು ಅಳತೊಡಗಿದಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ? ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದ ದಿನ ಹೆಚ್ಚಿಲ್ಲ.

ಬೀಗರನ್ನು ಗೇಲಿ ಮಾಡುವ ಹಾಡು ಬಂತು. ವರನ ಸೋದರಮಾವನ ಹೊಟ್ಟೆ, ಅವರತ್ತೆಯ ಮೂಗುತಿ, ಒಂದನ್ನೂ ಅವಳು ಬಿಡಲಿಲ್ಲ. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು ಹಾಡಿದಳು:

"ಹಸಿದಾಗ ನುಂಗೆಂದ ಕಾಂಪೌಂಡರಣ್ಣಯ್ಯ,
ಹಸಿವೇ ಆ ಗುಳಿಗೇಲಿ ಕೂತಿತ್ತು ಕೇಳಯ್ಯ!"

ಚಪ್ಪರವೆಲ್ಲ ಹೋ ಎಂದಿತು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾನು ತಲೆ ತಗ್ಗಿಸಿ ಕೈ ಮುಗಿದೆ.

ಹಾಡು ಮುಗಿಸಿ ಅವಳು ಬೆವರೊರೆಸಿಕೊಳ್ಳುತ್ತಾ ಹತ್ತಿರ ಬಂದು, "ಊಟಕ್ಕೆ ಏಳಿ ಅಣ್ಣ, ಎಲೆ ಹಾಕವ್ರೆ," ಎಂದಳು. ಹೊಟ್ಟೆಯೂ ಮನಸ್ಸೂ ತುಂಬಿದ ಹಾಗಿತ್ತು. ಬಾಯಿ ತಪ್ಪಿ, "ಇನ್ನೂ ಹಸಿವಾಗಿಲ್ಲಮ್ಮ," ಎಂದುಬಿಟ್ಟೆ.

ಚೌಡಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಕುಂಕುಮದ ಡಬ್ಬಿ ತೆಗೆದು, ನನ್ನ ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ ಕೇಳಿದಳು: "ಒಂದು ಕೊಡ್ಲಾ?"